ಜಪಮಾಲೆಯ ಜೊತೆಗೊಂದು ಚೀಟಿ

ಚೆನ್ನೈನ ಬೆಸೆಂಟ್ ನಗರದ ವೇಳಾಂಕಣ್ಣಿ ಮಾತೆಯ ಹಬ್ಬಕ್ಕೆ ಆಗಸ್ಟ್ 29ರಂದು ಧ್ವಜ ಏರುತ್ತದೆ. ಸೆಪ್ಟೆಂಬರ್ 8ರವರೆಗೆ ಜನಜಾತ್ರೆ. ಕಡಲು ಪಕ್ಕದಲ್ಲೇ ಇದ್ದರೂ ಸೆಕೆ ಬಿಡುವುದಿಲ್ಲ. ನಡೆದು ಹೋಗುವವರು ನೀರು, ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರು ಉಪವಾಸಕ್ಕೆ ಮುಂಚೆ ಡಾಕ್ಟರನ್ನು ಕೇಳಿ. ಜ್ವರ, ಕೆಮ್ಮು ಇದ್ದರೆ ಮನೆಯಲ್ಲೇ ಪ್ರಾರ್ಥಿಸಿ, ಮಾತೆ ಮುನಿಯಳು.

ಜಪಮಾಲೆಯ ಪುಟ್ಟ ಚೀಲದಲ್ಲಿ ಒಂದು ಚೀಟಿ ಇರಲಿ: ಹೆಸರು, ಕಾಯಿಲೆ, ನುಂಗುವ ಮಾತ್ರೆ, ಒಗ್ಗದ ಔಷಧಿ, ಮನೆಯವರ ಫೋನ್ ನಂಬರು. ಕನ್ನಡದಲ್ಲಿ ಬರೆದರೆ ಅಲ್ಲಿನ ನರ್ಸಮ್ಮನಿಗೆ ಓದಲಾಗದು, ಇಂಗ್ಲಿಷ್‌ನಲ್ಲಿ, ಬಿಡಿಸಿ ಬರೆಯಿರಿ (ಡಾಕ್ಟರ ಕೈಬರಹ ಬೇಡ!). ಯಾರಾದರೂ ಕುಸಿದರೆ ಸುತ್ತುಗಟ್ಟಬೇಡಿ, ಗಾಳಿಯಾಡಲಿ. ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಆಂಬುಲೆನ್ಸ್‌ಗೆ ದಾರಿ ತೋರಿಸಲು ಗೇಟಿನ ಹತ್ತಿರ ಹೋಗಿ ನಿಲ್ಲಿ.