ಲಾಗಿನ್ ನಿಮ್ಮದಾದರೆ ಹೊಣೆಯೂ ನಿಮ್ಮದೇ
ಕೆಲಸದ ಆನ್‌ಲೈನ್ ತರಬೇತಿ: ನಿಯಮವೇನು, ನಿಮ್ಮ ಹಕ್ಕೇನು?

ಮುಳಬಾಗಿಲು ತಾಲ್ಲೂಕಿನ ಆವನಿಯಂಥ ಹೋಬಳಿಯಲ್ಲಿ ಈಗ ಎಲ್ಲ ತರಬೇತಿಗೂ ಬಸ್ಸು ಹಿಡಿಯಬೇಕಿಲ್ಲ. ಶಿಕ್ಷಕರಿಗೆ 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯಿದೆ. 2019ರ ‘ನಿಷ್ಠಾ’ ತರಬೇತಿ 2020ರಿಂದ ಅದರಲ್ಲೇ ಬರುತ್ತಿದೆ. ಕೇಂದ್ರ ಸರ್ಕಾರದ ನೌಕರರಿಗೆ ಐಗಾಟ್ ಕರ್ಮಯೋಗಿ ಇದೆ. ಕಾರ್ಖಾನೆ, ಕಚೇರಿಗಳಲ್ಲೂ ಸುರಕ್ಷತೆಯ ಪಾಠ, ಲೈಂಗಿಕ ಕಿರುಕುಳ ತಡೆಯ ಪಾಠ ಪರದೆಯ ಮೇಲೆ ನಡೆಯುವುದುಂಟು.

ಸಂಜೆ ವಾಟ್ಸ್‌ಆ್ಯಪ್ ಗುಂಪಿಗೆ ಮೆಸೇಜು ಬೀಳುತ್ತದೆ: ‘ಇವತ್ತೇ ಕೊನೇ ದಿನ, ಸರ್ಟಿಫಿಕೇಟ್ ಹಾಕಿ.’ ವಿಡಿಯೊ ಅರ್ಧಕ್ಕೆ ನಿಂತು ಸುತ್ತುತ್ತಿರುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ಅಂಗಡಿಯ ಹುಡುಗ, ‘ಓಟಿಪಿ ಹೇಳಿ ಮೇಡಂ, ನಾನೇ ಮುಗಿಸಿಕೊಡ್ತೀನಿ’ ಅನ್ನುತ್ತಾನೆ. ಆ ಮಾತಿಗೆ ಹೂಂ ಅನ್ನುವ ಮೊದಲು ಕೆಲವು ವಿಷಯ ತಿಳಿದಿರಬೇಕು.

ಯಾವುದು ಎಷ್ಟು ತಪ್ಪು?

ಪಾಠವನ್ನು ಸಹೋದ್ಯೋಗಿಗಳ ಜತೆ ಚರ್ಚಿಸುವುದು, ಟಿಪ್ಪಣಿ ಮಾಡಿಕೊಳ್ಳುವುದು, ಅರ್ಥವಾಗದ್ದನ್ನು ಕನ್ನಡದಲ್ಲಿ ಕೇಳಿ ತಿಳಿಯುವುದು, ಅವಕಾಶವಿದ್ದಷ್ಟು ಸಲ ಪರೀಕ್ಷೆ ಬರೆಯುವುದು ತಪ್ಪಲ್ಲ. ಕೊನೆಯ ಮೌಲ್ಯಮಾಪನದ ಉತ್ತರಗಳನ್ನು ಗುಂಪಿನಲ್ಲಿ ಹಂಚುವುದು, ನೋಡಿ ಒತ್ತುವುದು ತಪ್ಪು. ಸರ್ಕಾರಿ ನೌಕರರ ಮಟ್ಟಿಗೆ ಇದು 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು ಬಯಸುವ ಪ್ರಾಮಾಣಿಕತೆಯ ಪ್ರಶ್ನೆ. ಹಾಗೆಂದು ಯಾರಾದರೂ ‘ಪ್ರಶ್ನೆಪತ್ರಿಕೆ ಕಾಯ್ದೆಯಡಿ ಜೈಲು’ ಎಂದು ಹೆದರಿಸಿದರೆ ನಂಬಬೇಡಿ. ರಾಜ್ಯದ 2023ರ ಕಾಯ್ದೆ ನೇಮಕಾತಿ ಪರೀಕ್ಷೆಗಳಿಗೆ ಸಂಬಂಧಿಸಿದ್ದು. ಕೇಂದ್ರದ 2024ರ ಕಾಯ್ದೆ ನೇಮಕಾತಿ, ಪ್ರವೇಶದಂಥ ಸಾರ್ವಜನಿಕ ಪರೀಕ್ಷೆಗಳಿಗೆ ಸಂಬಂಧಿಸಿದ್ದು. ಕೆಲಸದ ತರಬೇತಿಯ ಕ್ವಿಜ್ ಇವುಗಳ ವ್ಯಾಪ್ತಿಗೆ ಬರುವುದಿಲ್ಲ.

ಬೇರೆಯವರಿಂದ ಬರೆಸುವುದು ಇದಕ್ಕಿಂತ ಗಂಭೀರ. ಕಂಪ್ಯೂಟರ್ ಮೂಲಕ ಇನ್ನೊಬ್ಬರಂತೆ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಡಿ ಕಲಮಿನಡಿ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸಿದವರಿಗೆ 66ಸಿ ಕಲಮಿನಡಿಯೂ ಅಷ್ಟೇ ಶಿಕ್ಷೆ. ‘ನಾನೇ ಓಟಿಪಿ ಕೊಟ್ಟೆ’ ಎಂಬ ಮಾತು ಇಲಾಖಾ ವಿಚಾರಣೆಯಲ್ಲಿ ನಿಮಗೇ ತಿರುಗುಬಾಣವಾಗುತ್ತದೆ.

ಸ್ನೇಹಿತರ ಪ್ರಮಾಣಪತ್ರದಲ್ಲಿ ಹೆಸರು ತಿದ್ದಿ ಹಾಕುವುದು ಎಲ್ಲಕ್ಕಿಂತ ಅಪಾಯಕಾರಿ. ಭಾರತೀಯ ನ್ಯಾಯ ಸಂಹಿತೆಯ 336ನೇ ಕಲಮಿನಡಿ ಅದು ಫೋರ್ಜರಿ. ವಂಚಿಸುವ ಉದ್ದೇಶವಿದ್ದರೆ 7 ವರ್ಷದವರೆಗೆ ಸಜೆಯಾಗಬಹುದು. ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರವಾದರೆ ಅದನ್ನು ಸ್ಕ್ಯಾನ್ ಮಾಡಿದ ಕ್ಷಣದಲ್ಲೇ ಅಸಲಿ ಹೆಸರು ಹೊರಬೀಳುತ್ತದೆ.

ನೋಟಿಸ್ ಬಂದರೆ

ಆರೋಪ ಬಂತೆಂದ ಮಾತ್ರಕ್ಕೆ ತಪ್ಪು ಸಾಬೀತಾಗುವುದಿಲ್ಲ. ಇಲ್ಲಿ ನೀವು ಯಾವ ಬಗೆಯ ನೌಕರರು ಎಂಬುದು ಮುಖ್ಯ.

ಸರ್ಕಾರಿ ಶಾಲೆಯ ಕಾಯಂ ಶಿಕ್ಷಕರಿಗೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ರಕ್ಷಣೆಯಿದೆ. ಸಣ್ಣ ದಂಡನೆಗೂ ಲಿಖಿತ ಆರೋಪ ಕೊಟ್ಟು ಉತ್ತರಕ್ಕೆ ಅವಕಾಶ ಕೊಡಬೇಕು. ವಜಾ ಅಥವಾ ಹಿಂಬಡ್ತಿಯಾದರೆ ಸಂವಿಧಾನದ 311ನೇ ವಿಧಿಯಂತೆ ವಿಚಾರಣೆ ನಡೆಯಬೇಕು. ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ಶಿಕ್ಷೆಗೆ ಮೊದಲೇ ನೌಕರರಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1993ರ ಬಿ. ಕರುಣಾಕರ್ ಪ್ರಕರಣದಲ್ಲಿ ಹೇಳಿದೆ. ಇಲಾಖೆಯೊಳಗಿನ ಮೇಲ್ಮನವಿ ಮುಗಿದ ಮೇಲೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ (ಕೆಎಟಿ) ಹೋಗಬಹುದು.

ಅಂಗನವಾಡಿ ಕಾರ್ಯಕರ್ತೆಯರ ದಾರಿ ಬೇರೆ. ಅವರದು ಸಿವಿಲ್ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ ತೀರ್ಪಿತ್ತಿತು. ಹಾಗಾಗಿ ಕೆಎಟಿ ಅವರ ದೂರು ಕೇಳುವುದಿಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ (ಸಿಡಿಪಿಒ), ಮೇಲಧಿಕಾರಿಗೆ ಮನವಿ ಕೊಟ್ಟು, ಅಗತ್ಯಬಿದ್ದರೆ ಹೈಕೋರ್ಟಿಗೆ ಹೋಗಬೇಕು. ಆದರೂ ಅವರ ಮಾತು ಕೇಳದೆ ಕೆಲಸದಿಂದ ತೆಗೆಯುವುದು ಸಹಜ ನ್ಯಾಯಕ್ಕೆ ವಿರುದ್ಧ. ಕಾರ್ಖಾನೆಯವರು ನೇಮಕಾತಿ ಪತ್ರವನ್ನೂ ಕಂಪನಿಯ ಸ್ಥಾಯಿ ಆದೇಶಗಳನ್ನೂ ಮೊದಲು ಓದಬೇಕು. ದುರ್ನಡತೆ ಯಾವುದು, ವಿಚಾರಣೆ ಹೇಗೆ ಎಂಬುದು ಅಲ್ಲಿರುತ್ತದೆ.

ದಾಖಲೆ ಹೇಗೆ ಇಟ್ಟುಕೊಳ್ಳಬೇಕು?

ವಿಡಿಯೊ ನಿಂತಾಗ, ಅಂಕ ತಪ್ಪಾಗಿ ಬಂದಾಗ ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಗಡುವು ಮುಗಿಯುವ ಮೊದಲೇ ಮೇಲಧಿಕಾರಿಗೆ ಎರಡು ಸಾಲು ಬರೆದು ತಿಳಿಸಿ. ಕಚೇರಿಗೆ ಕೊಡುವ ಪತ್ರದ ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ನೋಟಿಸಿಗೆ ಬಾಯಿಮಾತಿನ ಉತ್ತರ ಬೇಡ, ಖಾಲಿ ಹಾಳೆಗೆ ಸಹಿಯಂತೂ ಬೇಡವೇ ಬೇಡ.

ಸರ್ಕಾರಿ ಸಂಸ್ಥೆಯಾದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ನಿಮ್ಮ ಲಾಗಿನ್ ವಿವರ, ಅಂಕಪಟ್ಟಿ, ಆರೋಪಕ್ಕೆ ಆಧಾರವಾದ ಕಾಗದಗಳನ್ನು ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. 30 ದಿನದೊಳಗೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕು ಪರೀಕ್ಷೆ ಬರೆದವರಿಗಿದೆ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ತರಬೇತಿಯಲ್ಲಿ ಗೌರವ, ಸಮಾನತೆ

ಕಣ್ಣು ಮಿಟುಕಿಸಿ ಹಾಜರಿ ಹಾಕಿ ಅನ್ನುವ ಆ್ಯಪ್ ದೃಷ್ಟಿದೋಷ ಇರುವವರಿಗೆ ಬಾಗಿಲು ಮುಚ್ಚಿದಂತೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಸಂಸ್ಥೆ ಇಂಥವರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು. ಮುಖ ತೋರಿಸಿ ಗುರುತು ಖಚಿತಪಡಿಸುವ ಇ-ಕೆವೈಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೌಲಭ್ಯ ಪಡೆಯುವುದು ಬದುಕುವ ಹಕ್ಕಿನ ಭಾಗ ಎಂದಿತು. ಕ್ಯಾಮೆರಾ ಏಕೆ ಬೇಕು, ದೃಶ್ಯ ಎಷ್ಟು ದಿನ ಉಳಿಯುತ್ತದೆ ಎಂದು ಕೇಳುವುದೂ ಧಿಕ್ಕಾರವಲ್ಲ. ಖಾಸಗಿತನ ಮೂಲಭೂತ ಹಕ್ಕೆಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ.

ತರಬೇತಿಯ ಚಾಟ್‌ನಲ್ಲಿ ಅಸಭ್ಯ ಮಾತು, ಚಿತ್ರ ಬಂದರೆ ಮಹಿಳೆಯರು ಘಟನೆಯ 3 ತಿಂಗಳೊಳಗೆ ಕಚೇರಿಯ ಆಂತರಿಕ ಸಮಿತಿಗೆ ದೂರು ಕೊಡಬಹುದು. ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆಯಬೇಕು.

ಉಚಿತ ನೆರವು

ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರನ್ನು ಪಡೆಯಬಹುದು. ಆವನಿಯ ಸುತ್ತಿನವರು ಮುಳಬಾಗಿಲು ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಲಿ, ಇಲ್ಲವೇ 15100ಕ್ಕೆ ಕರೆ ಮಾಡಲಿ. ನೋಟಿಸಿನ ಪ್ರತಿ, ಸ್ಕ್ರೀನ್‌ಶಾಟ್, ನೀವು ಕೊಟ್ಟ ಪತ್ರ ಜತೆಗಿರಲಿ. ಉತ್ತರ ಕೊಡಬೇಕಾದ ಕೊನೆಯ ದಿನಾಂಕವನ್ನು ವಕೀಲರಿಗೆ ಮೊದಲೇ ಹೇಳಿ.