ಸೇರಿನಲ್ಲಿ ಹೋದ ರಾಗಿ

ನಮ್ಮ ರಾಗಿ ಸಂಶೋಧನಾ ಕೇಂದ್ರದ ವಾರ್ಷಿಕ ಸಾಧನೆಯ ಲೆಕ್ಕ ಬರೆಯುವ ಕೆಲಸ ಆರು ವರ್ಷ ನನ್ನ ತಲೆಗೇ ಕಟ್ಟಿತ್ತು. 2009ರಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆ ಅಂಕ ಕೊಡುವ ಪದ್ಧತಿ ತಂದಿತಲ್ಲ, ಅದರ ಧಾಟಿಯದೇ ಪಟ್ಟಿ ನಮ್ಮ ಮೇಜಿಗೂ ಬಂತು. ಪ್ರತಿ ಕೆಲಸಕ್ಕೊಂದು ತೂಕ, ಪ್ರತಿ ಗುರಿಗೆ ಐದು ಮೆಟ್ಟಿಲು. ನೂರು ಬಂದರೆ ಅತ್ಯುತ್ತಮ, ಅರವತ್ತಾದರೆ ಕಳಪೆ.

ಗುಟ್ಟು ಮೊದಲ ವರ್ಷವೇ ತಿಳಿಯಿತು. ಎಂಟು ತರಬೇತಿ ನಡೆಸುವ ಶಕ್ತಿಯಿದ್ದರೆ ಗುರಿ ಐದು ಎಂದು ಬರೆಯಬೇಕು. ಹಾಜರಿ ಪುಸ್ತಕಕ್ಕೆ ಸಹಿ ಬಿದ್ದರೆ ರೈತ ತರಬೇತಿ ಪಡೆದಂತೆ. ಊಟದ ಹೊತ್ತಿಗೆ ಬಂದವರ ಸಹಿಯನ್ನೂ ನಾನೇ ಹಾಕಿಸಿದ್ದುಂಟು.

ನನ್ನ ಕಣ್ಣು ತೆರೆಸಿದ್ದು ಬಿತ್ತನೆ ಬೀಜದ ಕಾಲಂ. ಬೆಂಕಿ ರೋಗ ತಡೆಯುವ ನಮ್ಮ ತಳಿಯೊಂದರ ಮಾರಾಟ ಮೂರು ವರ್ಷ ಸತತವಾಗಿ ಇಳಿಯಿತು. ರೈತರಿಗೆ ಬೇಡವಾಯಿತೇ ಎಂದು ಪರಿಶೀಲನಾ ಸಮಿತಿ ಕೇಳಿತು. 'ಮಳೆಯ ಅಭಾವ' ಎಂದು ಬರೆದು ತಪ್ಪಿಸಿಕೊಂಡೆ.

ಆ ಕಾರ್ತೀಕದಲ್ಲಿ ರೋಗದ ಸಮೀಕ್ಷೆಗೆ ಹೋದಾಗ ಒಂದು ಹೊಲದ ಬದುವಿನಲ್ಲಿ ನಿಂತೆ. ತೆನೆಯ ಕುತ್ತಿಗೆ ಎಲ್ಲೂ ಕಪ್ಪಾಗಿಲ್ಲ. ಅಂಗೈಯಲ್ಲಿ ಉಜ್ಜಿದರೆ ಕಾಳು ಗಟ್ಟಿ. ಹೊಲದ ಅಜ್ಜಿ ನಕ್ಕರು: "ನಿಮ್ಮದೇ ರಾಗಿ ಸ್ವಾಮಿ. ನಮ್ ಬೀಗರ ಮನೆಯಿಂದ ಎರಡು ಸೇರು ತಂದಿದ್ದು. ಈಗ ಈ ಬಯಲೆಲ್ಲಾ ಇದೇ."

ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಒಮ್ಮೆ ಕೊಂಡವರು ಮುಂದಿನ ವರ್ಷ ಮನೆಯ ಬೀಜವನ್ನೇ ಬಿತ್ತಬಹುದು, ನೆಂಟರಿಗೂ ಕೊಡಬಹುದು. ತಳಿ ಗೆದ್ದಷ್ಟೂ ನಮ್ಮ ಕೌಂಟರಿನ ಮಾರಾಟ ಇಳಿಯುತ್ತದೆ! ತಳಿವಿಜ್ಞಾನ ಓದಿದ ನನಗೇ ಇದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನಮ್ಮ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಇಂಡಾಫ್ ತಳಿಗಳನ್ನು ತಂದ ಲಕ್ಷ್ಮಣಯ್ಯನವರು ನೆನಪಾದರು. ಪುಟ್ಟ ರಾಗಿ ಹೂವಿನಲ್ಲಿ ಸಂಕರ ಮಾಡುವುದೇ ಸಾಹಸ. ಒಂದು ತಳಿ ಕೈಗೆ ಬರಲು ಎಷ್ಟೋ ಮಳೆಗಾಲ ಕಳೆಯಬೇಕು. ಅವರ ಹಾಳೆಯಲ್ಲಿ ಪ್ರತಿ ಮಾರ್ಚ್ 31ಕ್ಕೆ ಏನು ತುಂಬುತ್ತಿದ್ದೆನೋ!

ಮರುವರ್ಷ ತರಬೇತಿಗಳನ್ನು ಕಡಿಮೆ ಮಾಡಿಸಿ, ಸಹಾಯಕರೊಬ್ಬರ ಜೊತೆ ಎರಡು ಊರು ಸುತ್ತಿದೆ. ಮನೆಮನೆಯಲ್ಲೂ ಒಂದೇ ಪ್ರಶ್ನೆ: ಬೀಜ ಯಾರ ಮನೆಯದು? ತಂಗಿ ಮನೆ, ಗೌಡರ ಕಣ, ಸಂತೆ... ಉತ್ತರಗಳನ್ನು ಹೊಸ ಕಾಲಂ ಮಾಡಿ ಕಳಿಸಿದೆ. ಸಮಿತಿ ರಸೀದಿ ಕೇಳಿತು. ಆ ಕಾಲಂಗೆ ತೂಕ ಸೊನ್ನೆ ಎಂದಾಯಿತು. ಆ ವರ್ಷ ನಮ್ಮ ಅಂಕವೂ ಇಳಿಯಿತು. ಆದರೆ ಬೀಜ ಮಾರಾಟ ಇಳಿದ ಸಾಲಿನ ಮುಂದೆ 'ಮಳೆಯ ಅಭಾವ' ಎಂದು ನಾನು ಮತ್ತೆ ಬರೆಯಲಿಲ್ಲ.