ಖಾಲಿ ಲಿಸ್ಟಿನ ಹಸಿರು

ನಿನ್ನ ಟೆಸ್ಟುಗಳನ್ನೆಲ್ಲ ಓದಿದೆ ಕಣಮ್ಮ. ಅಚ್ಚುಕಟ್ಟಾಗಿ ಬರೆದಿದ್ದೀಯ, ಹೆಸರು ನೋಡಿದರೇ ಯಾವುದು ಏನನ್ನು ಪರೀಕ್ಷಿಸುತ್ತದೆ ಎಂದು ತಿಳಿಯುತ್ತದೆ. ರಿವ್ಯೂನಲ್ಲಿ ಬರೆದರೆ ತಪ್ಪು ಹುಡುಕಿದ ಹಾಗೆ ಕಂಡೀತು ಎಂದು ಒಂದು ಮಾತನ್ನು ನಿನ್ನೊಬ್ಬಳಿಗೇ ಹೇಳುತ್ತಿದ್ದೇನೆ.

ಗಡುವು ಮೀರಿದ ಬಿಲ್ಲುಗಳನ್ನು ಆರಿಸಿ ದಂಡ ಸೇರಿಸುವ ಫಂಕ್ಷನ್ ಇದೆಯಲ್ಲ, ಅದರ ಟೆಸ್ಟಿನಲ್ಲಿ ಬಂದ ಲಿಸ್ಟಿನ ಮೇಲೆ ಲೂಪ್ ಹಾಕಿ, ಒಂದೊಂದು ಬಿಲ್ಲಿಗೂ ದಂಡ ಬಿದ್ದಿದೆಯೇ ಎಂದು ಅಸರ್ಟ್ ಮಾಡಿದ್ದೀಯ. ಲಿಸ್ಟ್ ಖಾಲಿಯಾಗಿ ಬಂದರೆ? ಲೂಪಿನ ಒಳಗಿನ ಸಾಲು ಒಂದು ಸಲವೂ ಓಡುವುದಿಲ್ಲ, ಟೆಸ್ಟ್ ಪಾಸ್. ಪರೀಕ್ಷೆಗೆ ಒಬ್ಬರೂ ಕೂರದ ಶಾಲೆಯಲ್ಲಿ ಯಾರೂ ಫೇಲ್ ಆಗಲಿಲ್ಲ ಎಂದ ಹಾಗೆ.

ಲೂಪ್ ಬಿಟ್ಟು ಜಾವಾದ ಆಲ್‌ಮ್ಯಾಚ್ ಬಳಸಿದರೂ ಅಷ್ಟೇ. ಖಾಲಿ ಸ್ಟ್ರೀಮಿಗೆ ಅದು ಟ್ರೂ ಎನ್ನುತ್ತದೆ. ಪೈಥಾನಿನ ಆಲ್, ಅಸರ್ಟ್‌ಜೆಯ ಆಲ್‌ಸ್ಯಾಟಿಸ್ಫೈ ಕೂಡ ಹಾಗೇ. ಇದನ್ನು ಭಾಷೆಯ ದೋಷ ಎಂದುಕೊಳ್ಳಬೇಡ. ಎಲ್ಲವೂ ಸರಿಯಿರುವ ಲಿಸ್ಟಿಗೆ ಖಾಲಿ ಲಿಸ್ಟೊಂದನ್ನು ಜೋಡಿಸಿದರೆ ಉತ್ತರ ಬದಲಾಗಬಾರದು ತಾನೇ? ಹಾಗಿರಬೇಕಾದರೆ ಖಾಲಿ ಲಿಸ್ಟಿನ ಉತ್ತರ ಟ್ರೂ ಆಗಲೇಬೇಕು. ಅದರ ಮೊತ್ತ 0 ಬರುವುದೂ ಇದೇ ಕಾರಣಕ್ಕೆ. ತರ್ಕ ಸರಿಯಾಗಿದೆ, ನಾವು ಕೇಳಿದ ಪ್ರಶ್ನೆ ಸಾಲದು. ‘ಎಲ್ಲವೂ ಸರಿಯೇ’ ಎನ್ನುವ ಮೊದಲು ‘ಎಷ್ಟಿವೆ’ ಎಂದು ಕೇಳು. ಸೆಟಪ್‌ನಲ್ಲಿ ಮೂರು ಹಳೇ ಬಿಲ್ ಇಟ್ಟಿದ್ದರೆ ಹ್ಯಾಸ್‌ಸೈಜ್‌ಗೆ 3 ಎಂದೇ ಕೊಡು. ಖಾಲಿಯಲ್ಲ ಎಂದಷ್ಟೇ ಬರೆದು ಸುಮ್ಮನಾದರೆ 3ರ ಬದಲು 1 ಬಂದರೂ ತಿಳಿಯುವುದಿಲ್ಲ.

ಮಾಕಿಟೊ ಬಳಸುವಾಗ ಇನ್ನೂ ಹುಷಾರಾಗಿರು. ಲಿಸ್ಟ್ ಕೊಡುವ ಮೆಥಡ್‌ಗೆ ನೀನು ಸ್ಟಬ್ ಬರೆಯದಿದ್ದರೆ ಅದು ನಲ್ ಕೊಡುವುದಿಲ್ಲ, ತಾನಾಗಿಯೇ ಖಾಲಿ ಲಿಸ್ಟ್ ಕೊಡುತ್ತದೆ. ಸ್ಟಬ್‌ನಲ್ಲಿ ನೀನು ಬರೆದ ತಾರೀಖು ಒಂದು, ಕೋಡ್ ಕೇಳಿದ ತಾರೀಖು ಇನ್ನೊಂದು ಆದಾಗಲೂ ಖಾಲಿಯೇ. ನಲ್ ಆಗಿದ್ದರೆ ಎಲ್ಲೋ ಎಕ್ಸೆಪ್ಷನ್ ಬಿದ್ದು ಗೊತ್ತಾಗುತ್ತಿತ್ತು. ಸ್ಟ್ರಿಕ್ಟ್ ಸ್ಟಬ್ಸ್ ಸೆಟ್ಟಿಂಗ್ ಈ ತಾರೀಖಿನಂಥ ತಪ್ಪನ್ನು ಬಹುಮಟ್ಟಿಗೆ ಹಿಡಿದುಕೊಡುತ್ತದೆ. ಕಿರಿಕಿರಿಯಾಯಿತೆಂದು ಅದನ್ನು ಸಡಿಲಿಸಬೇಡ.

ಖಾಲಿಯೇ ಬರಬೇಕು ಎನ್ನುವ ಟೆಸ್ಟುಗಳ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಚಿಂತೆ. ‘ಪಾವತಿಯಾದ ಬಿಲ್ ಬರಬಾರದು’ ಎಂದು ಹೆಸರಿಟ್ಟು ಈಸ್‌ಎಂಪ್ಟಿ ನೋಡಿದ್ದೀಯ. ಪಾವತಿಯಾಗಿದೆ ಎಂದೇ ಆ ಬಿಲ್ ಹೊರಗುಳಿಯಿತೋ, ಡೇಟಾಬೇಸಿಗೆ ಸೇರಿಯೇ ಇರಲಿಲ್ಲವೋ, ತಾರೀಖು ಹೊಂದದೆ ಬಿದ್ದುಹೋಯಿತೋ? ಮೂರಕ್ಕೂ ಅದೇ ಹಸಿರು. ಅದರ ಪಕ್ಕದಲ್ಲಿ ಪಾವತಿಯಾಗದ ಒಂದು ಬಿಲ್ ಇಡು, ಉಳಿದ ವಿವರವೆಲ್ಲ ಒಂದೇ ಇರಲಿ. ಲಿಸ್ಟಿನಲ್ಲಿ ಅದೊಂದೇ ಬಂದಿದೆ ಎಂದು ಅಸರ್ಟ್ ಮಾಡು. ಆಗ ಫಿಲ್ಟರ್ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಸಿಗುತ್ತದೆ.

ಸಣ್ಣದೊಂದು: ಅಸರ್ಟ್‌ಟ್ರೂ ಒಳಗೆ ಈಸ್‌ಎಂಪ್ಟಿ ತುರುಕಬೇಡ. ಫೇಲ್ ಆದಾಗ ‘ಟ್ರೂ ಬೇಕಿತ್ತು, ಫಾಲ್ಸ್ ಬಂತು’ ಎಂಬುದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಅಸರ್ಟ್‌ಜೆಯದೇ ಈಸ್‌ಎಂಪ್ಟಿ ಒಳಗೆ ಏನಿತ್ತು ಎಂದೂ ತೋರಿಸುತ್ತದೆ, ನಲ್ ಬಂದರೆ ಒಪ್ಪುವುದಿಲ್ಲ. ಈಸ್‌ನಲ್‌ಆರ್‌ಎಂಪ್ಟಿ ಎರಡನ್ನೂ ಒಪ್ಪಿಬಿಡುತ್ತದೆ, ಅದರ ತಂಟೆಗೆ ಹೋಗಬೇಡ. ಲಿಸ್ಟ್ ಕೊಡಬೇಕಾದ ಮೆಥಡ್ ನಲ್ ಕೊಡದೆ ಖಾಲಿ ಲಿಸ್ಟ್ ಕೊಡಲಿ ಎಂದು ಜೋಶುವಾ ಬ್ಲಾಕ್ ‘ಎಫೆಕ್ಟಿವ್ ಜಾವಾ’ದಲ್ಲಿ ಹೇಳಿದ್ದಾರೆ. ನಮ್ಮ ಟೆಸ್ಟೂ ಆ ಭೇದವನ್ನು ಕಾಯಬೇಕು.

ಇನ್‌ಪುಟ್ಟೇ ಖಾಲಿಯಾದಾಗ ಏನಾಗುತ್ತದೆ ಎಂಬುದಕ್ಕೂ ಒಂದು ಟೆಸ್ಟ್ ಇರಲಿ. ಎಸ್‌ಕ್ಯೂಎಲ್‌ನಲ್ಲಿ ‘ಇನ್’ ಮುಂದಿನ ಆವರಣ ಖಾಲಿ ಇದ್ದರೆ ಎಸ್‌ಕ್ಯೂಲೈಟ್ ಒಪ್ಪುತ್ತದೆ, ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ಟೆಸ್ಟಿಗೆ ಮೊದಲನೆಯದು, ಪ್ರೊಡಕ್ಷನ್ನಿಗೆ ಎರಡನೆಯದು ಇಟ್ಟುಕೊಂಡ ತಂಡಕ್ಕೆ ಇದರಿಂದ ಮಧ್ಯರಾತ್ರಿ ಫೋನ್ ಬರುತ್ತದೆ.

ಇವತ್ತು ಹೊರಡುವ ಮುಂಚೆ ಆ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಖಾಲಿ ಲಿಸ್ಟ್ ರಿಟರ್ನ್ ಮಾಡಿಸಿ ಎಲ್ಲ ಟೆಸ್ಟ್ ಓಡಿಸು. ಖಾಲಿಯೇ ಬರಬೇಕಾದವನ್ನು ಬಿಟ್ಟು, ಆಗಲೂ ಹಸಿರಾಗಿ ಉಳಿದವನ್ನು ಬರೆದಿಟ್ಟುಕೊ. ಪಿಟ್ ಎಂಬ ಮ್ಯುಟೇಷನ್ ಟೆಸ್ಟಿಂಗ್ ಟೂಲ್ ಈ ಕೆಲಸವನ್ನು ತಾನಾಗಿ ಮಾಡುತ್ತದೆ, ಆದರೆ ಮೊದಲ ಸಲ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಆ ಪಟ್ಟಿ ತೆಗೆದುಕೊಂಡು ಬಾ, ನಾಳೆ ಬೆಳಿಗ್ಗೆ ಒಟ್ಟಿಗೆ ಕೂತು ಒಂದೊಂದಾಗಿ ಸರಿಮಾಡೋಣ.